ಎಣಿಕೆಯಲ್ಲಿ ಇಲ್ಲದ ಮೇಷ್ಟ್ರು

ಪ್ರವಾಸಕ್ಕೆ ಹೊರಡುವ ಹಿಂದಿನ ದಿನ, ಶುಕ್ರವಾರ, ನಾನು ಶಾಲೆಯ ಮೈದಾನದಲ್ಲಿ ಸುಣ್ಣದ ಪುಡಿ ಚೆಲ್ಲಿ ಎರಡು ಬಸ್ಸು ಬರೆದೆ. ಉದ್ದನೆಯ ಎರಡು ಚೌಕ, ಒಂದೊಂದಕ್ಕೂ ಒಂದು ಬಾಗಿಲು. ಒಂದನೆಯದು ಹುಡುಗರದು, ಎರಡನೆಯದು ಹುಡುಗಿಯರದು. ನಾನು ಸೀಟಿ ಊದಿದರೆ ಮಕ್ಕಳು ಜೋಡಿ ಜೋಡಿಯಾಗಿ ಬಾಗಿಲು ದಾಟಿ ಒಳಗೆ ಹೋಗಬೇಕು. ಮತ್ತೆ ಊದಿದರೆ ಹಾಗೆಯೇ ಇಳಿಯಬೇಕು. ಹುಡುಗರು ಇಪ್ಪತ್ತನಾಲ್ಕು ಜೋಡಿ, ಹುಡುಗಿಯರು ಹತ್ತೊಂಬತ್ತು ಜೋಡಿ. ಮೂರು ಸಲ ಮಾಡಿಸಿದೆ. ಮೂರು ಸಲವೂ ಸರಿಬಂತು.

ಗಣಿತದ ತಮ್ಮೇಗೌಡ ಮೇಷ್ಟ್ರು ಬೇವಿನ ಮರದ ಕೆಳಗೆ ಕುರ್ಚಿ ಹಾಕಿಕೊಂಡು ತಮ್ಮ ಕೆಲಸದಲ್ಲಿದ್ದರು. ಅವರು ನನ್ನ ಅಕ್ಕನ ಗಂಡ. ಕಪ್ಪುಹಲಗೆಯ ಮೇಲೆ ಕೋನ ಬರೆಯುವ ಮರದ ದೊಡ್ಡ ಕೋನಮಾಪಕಕ್ಕೆ ದಾರ ಕಟ್ಟಿ, ದಾರದ ತುದಿಗೆ ಟ್ರಾಕ್ಟರಿನ ಒಂದು ನಟ್ಟನ್ನು ತೂಗುಬಿಟ್ಟಿದ್ದರು. ಅದರ ಅಂಚಿಗೆ ಕಣ್ಣಿಟ್ಟು ಮರದ ತುದಿಯನ್ನು ನೋಡಿದರೆ ದಾರ ಎಷ್ಟನೆಯ ಗೆರೆಯ ಮೇಲೆ ನಿಂತಿದೆ ಎಂದು ಇನ್ನೊಬ್ಬರು ಓದಿ ಹೇಳಬೇಕು.

"ಕುರಿ ಎಲ್ಲಾ ರೊಪ್ಪ ಸೇರ್ಕಂಡ್ವೇನಯ್ಯ ಪುಟ್ಟಸಾಮಿ?" ಎಂದರು.

ಸೇರಿಕೊಂಡವು ಭಾವ ಎಂದೆ.

"ಅಂಗಾದ್ರೆ ಬಾ, ಈ ದಾರ ಎಲ್ಲಿ ನಿಂತದೆ ನೋಡೇಳು."

ನೋಡಿ ಹೇಳಿದೆ. ಅವರು ಜೇಬಿನಿಂದ ಚಿಕ್ಕ ನೋಟ್‌ಬುಕ್ಕು ತೆಗೆದು ಮೊದಲು ಕೋನ ಬರೆದರು, ಆಮೇಲೆ ಮಣಿಕಟ್ಟಿನ ಗಡಿಯಾರ ನೋಡಿ ವೇಳೆ ಬರೆದರು. ಬೇವಿನ ಮರ ಅಳೆಯುವುದಕ್ಕೆ ವೇಳೆ ಯಾಕೆ ಎಂದು ನಾನು ಎಷ್ಟೋ ಸಲ ನಕ್ಕಿದ್ದೇನೆ. ವೇಳೆ ಇಲ್ಲದ ಲೆಕ್ಕ ಸಾಕ್ಷಿ ಇಲ್ಲದ ಮಾತಿನ ಹಾಗೆ ಅನ್ನುತ್ತಿದ್ದರು. ಸಂಜೆ ಅವರ ಮನೆಗೆ ಹೋದಾಗ ಅಕ್ಕ ಚಕ್ಕುಲಿ ಕರಿಯುತ್ತಿದ್ದಳು. ಸಮುದ್ರ ಎಷ್ಟು ದೊಡ್ಡದು, ನೋಡಿಕೊಂಡು ಬಂದು ಹೇಳಿ ಎಂದಳು. ಅಳೆದುಕೊಂಡೇ ಬರುತ್ತೇನೆ ಎಂದರು ಭಾವ. ನಮಗೆ ಅದೇ ಕೊನೆಯ ಮಾಮೂಲಿ ದಿನ.

ನಾನು ಕೆ.ಆರ್. ಪೇಟೆ ತಾಲ್ಲೂಕಿನ ಒಂದು ಹಳ್ಳಿಯ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕನಾಗಿದ್ದೆ. ನಿವೃತ್ತಿಯಾಗಿ ವರ್ಷಗಳಾದವು. ಹೊಸದಾಗಿ ಈ ಕೆಲಸಕ್ಕೆ ಸೇರಿದ ಹುಡುಗರು ಆಗಾಗ ಮನೆಗೆ ಬರುತ್ತಾರೆ. ಕೊಕ್ಕೋ ಅಂಕಣದ ಅಳತೆ ಕೇಳುತ್ತಾರೆ, ಮೆರವಣಿಗೆಗೆ ಮಕ್ಕಳನ್ನು ನಿಲ್ಲಿಸುವ ಕ್ರಮ ಕೇಳುತ್ತಾರೆ. ಹೇಳುತ್ತೇನೆ. ಆದರೆ ಈ ಕೆಲಸದ ಹೆಚ್ಚಿನ ಪಾಲು ಆಟವಲ್ಲ, ಎಣಿಕೆ. ಪ್ರಾರ್ಥನೆಗೆ ಎಣಿಸು, ಕ್ರೀಡಾಕೂಟಕ್ಕೆ ಕರೆದುಕೊಂಡು ಹೋದರೆ ಎಣಿಸು, ಪ್ರವಾಸಕ್ಕೆ ಹೋದರೆ ನಿಂತಲ್ಲಿ ಕುಂತಲ್ಲಿ ಎಣಿಸು. ಎಣಿಸುವುದನ್ನು ನನಗೆ ಯಾವ ತರಬೇತಿಯಲ್ಲೂ ಹೇಳಿಕೊಡಲಿಲ್ಲ. ಕಲಿತದ್ದು ಭಾವನ ಊರಿನಲ್ಲಿ.

ಭಾವನ ಊರು ನಾಗಮಂಗಲ ತಾಲ್ಲೂಕಿನ ಬಿಂಡಿಗನವಿಲೆ. ಅವರ ತಂದೆಗೆ ಹೊಲದ ಜೊತೆ ಕುರಿಯೂ ಇದ್ದವು. ಸಂಜೆ ಮುಳ್ಳುಬೇಲಿಯ ರೊಪ್ಪಕ್ಕೆ ಕುರಿ ಕೂಡುವಾಗ ಆ ಹಿರಿಯರು ಬಾಗಿಲಲ್ಲಿ ಕಾಲು ಅಡ್ಡ ಇಟ್ಟು ನಿಲ್ಲುತ್ತಿದ್ದರು. ಕಾಲಿನ ಸಂದಿಯಲ್ಲಿ ಎರಡೆರಡೇ ಕುರಿ ನುಗ್ಗುವಷ್ಟು ಜಾಗ. ಮೊದಲನೆಯ ಜೋಡಿಗೆ ಒಂದು ಅನ್ನುತ್ತಿರಲಿಲ್ಲ, ರಾಗಿ ಅಳೆಯುವಾಗ ಅನ್ನುವ ಹಾಗೆ 'ಲಾಭ' ಅನ್ನುತ್ತಿದ್ದರು. ಲಾಭ, ಎರಡು, ಮೂರು. ಹತ್ತು ಜೋಡಿಗೆ ಒಂದು ಕಲ್ಲು ಮಡಿಲಿಗೆ. ಆ ಹೊತ್ತಿನಲ್ಲಿ ಯಾರೂ ಅವರನ್ನು ಮಾತಾಡಿಸಬಾರದು. ಒಮ್ಮೆ ನಾನು ಊಟಕ್ಕೆ ಕರೆಯಲು ಹೋದವನು ಬಾಯಿ ತೆಗೆದೆ. ಅವರು ತಿರುಗದೆ ಅಂಗೈ ಎತ್ತಿ ತೋರಿಸಿದರು. ನಾನು ಸುಮ್ಮನಾದೆ. ಆ ಕೈಯನ್ನೂ ಎಣಿಕೆಯ ಜೊತೆಗೆ ಕಲಿತುಕೊಂಡೆ.

ಕೆಲಸಕ್ಕೆ ಸೇರಿದ ಮೇಲೆ ಬಸ್ಸಿನ ಬಾಗಿಲಲ್ಲಿ ಹಾಗೆಯೇ ಕಾಲು ಅಡ್ಡ ಇಟ್ಟು ನಿಂತೆ. ಲಾಭ, ಎರಡು, ಮೂರು. ಮಕ್ಕಳು ಮೊದಮೊದಲು ನಕ್ಕರು, ಆಮೇಲೆ ಮೊದಲನೆಯ ಜೋಡಿಯಾಗಲು ಜಗಳವಾಡಿದರು. ಎಣಿಸುವಾಗ ಯಾರೂ ಮಾತಾಡಬಾರದು ಎಂಬುದು ನನ್ನ ಕಟ್ಟುನಿಟ್ಟು. ಯಾರಾದರೂ ಬಾಯಿ ತೆಗೆದರೆ ಅಂಗೈ ಎತ್ತುತ್ತಿದ್ದೆ.

ಈ ಕ್ರಮ ಒಂದು ಸಲ ಮಾತ್ರ ನನ್ನನ್ನು ನಗೆಪಾಟಲು ಮಾಡಿತ್ತು. ಶ್ರೀರಂಗಪಟ್ಟಣಕ್ಕೆ ಒಂದು ದಿನದ ಪ್ರವಾಸ ಹೋಗಿದ್ದೆವು. ಕೋಟೆ, ಅರಮನೆ ಎಲ್ಲ ಮುಗಿಸಿ ಸಂಗಮದಲ್ಲಿ ಉಪ್ಪಿಟ್ಟು ಹಂಚಿ, ಬಸ್ಸಿಗೆ ಹತ್ತಿಸುವಾಗ ಎಣಿಸಿದರೆ ಜೋಡಿಗಳೆಲ್ಲ ಮುಗಿದ ಮೇಲೆ ಒಂದು ತಲೆ ಹೆಚ್ಚಾಗಿ ಉಳಿಯಿತು. ಕಡಿಮೆಯಾದರೆ ಹೊಳೆ ನೋಡಿ ಎದೆ ಒಡೆಯುತ್ತದೆ. ಹೆಚ್ಚಾದರೆ ಏನು ಮಾಡಬೇಕು ಎಂದು ಯಾರೂ ಹೇಳಿಕೊಟ್ಟಿರಲಿಲ್ಲ. ಎರಡು ಸಲ ಎಣಿಸಿದೆ. ಭಾವ ಕಿಟಕಿಯಿಂದ ತಲೆ ಹೊರಗೆ ಹಾಕಿ, "ಬುಡಯ್ಯ, ಯಾವ್ದೋ ಕುರಿ ಮರಿ ಹಾಕದೆ" ಎಂದರು. ನೋಡಿದರೆ ಪಾಂಡವಪುರದ ಕಡೆಯ ಬೇರೆ ಶಾಲೆಯ ಒಬ್ಬ, ನಮ್ಮ ಉಪ್ಪಿಟ್ಟಿನ ಸಾಲಿಗೆ ನಿಂತವನು ನಮ್ಮ ಜೊತೆಯೇ ಬಂದುಬಿಟ್ಟಿದ್ದ. ಅವನ ಮೇಷ್ಟ್ರು ದಡದ ಆಚೆ ತುದಿಯಲ್ಲಿ ಹುಡುಕಿ ಹುಡುಕಿ ಅಳುವ ಹಾಗಾಗಿದ್ದರು. ನನ್ನ ಕೈ ಹಿಡಿದುಕೊಂಡು ಬಿಡಲೇ ಇಲ್ಲ. ಆ ಮುಖ ಆಗ ನನಗೆ ತಮಾಷೆಯಾಗಿ ಕಂಡಿತ್ತು.

ಭಾವ ಪಾಠ ಮಾಡುವ ರೀತಿಯನ್ನೂ ಹೇಳಬೇಕು. ಹತ್ತನೇ ತರಗತಿಯಲ್ಲಿ ಎತ್ತರ ಮತ್ತು ದೂರ ಎಂದು ಒಂದು ಪಾಠ. ಅದನ್ನು ಅವರು ಕೊಠಡಿಯಲ್ಲಿ ಮಾಡುತ್ತಿರಲಿಲ್ಲ. ಮಕ್ಕಳನ್ನು ಹೊಸಹೊಳಲಿಗೆ ಕರೆದುಕೊಂಡು ಹೋಗಿ ದೇವಸ್ಥಾನದ ಕಂಬದ ನೆರಳು ಅಳೆಸಿದ್ದರು. ಇನ್ನೊಂದು ವರ್ಷ ಪಾಂಡವಪುರಕ್ಕೆ ಹೋಗಿ, ಸಕ್ಕರೆ ಕಾರ್ಖಾನೆಯ ಹೊಗೆಕೊಳವೆಯನ್ನು ರಸ್ತೆಯ ಈಚೆ ಕಬ್ಬಿನ ಗಾಡಿಗಳ ನಡುವೆ ನಿಂತು ಅಳೆಸಿದ್ದರು. ಗಾಡಿಯವರೆಲ್ಲ ಇಳಿದು ಬಂದು ಸುತ್ತ ನಿಂತರು. ಲೆಕ್ಕ ಮುಗಿದು ಎತ್ತರ ಇಷ್ಟು ಎಂದಾಗ ಒಬ್ಬ ಮುದುಕಪ್ಪ, "ಅತ್ತಿ ನೋಡ್ದೆ ಅದೆಂಗೇಳ್ತೀರಿ ಸಾಮಿ?" ಎಂದ. ಭಾವ ಕೋನಮಾಪಕವನ್ನು ಅವನ ಕೈಗೇ ಕೊಟ್ಟು ನೋಡಿಸಿದರು. ನಮ್ಮ ಹುಡುಗರಿಗೆ ಆ ಪಾಠ ಮರೆಯಲಿಲ್ಲ.

ಒಂದೇ ಒಂದು ಲೆಕ್ಕ ಅವರನ್ನು ಕೊರೆಯುತ್ತಿತ್ತು. ಪುಸ್ತಕದಲ್ಲಿ ಪ್ರತಿ ವರ್ಷವೂ ಬರುವ ಲೆಕ್ಕ ಅದು: ಸಮುದ್ರದ ಪಕ್ಕದ ಗೋಪುರದ ಮೇಲೆ ನಿಂತು ಒಂದು ದೋಣಿಯನ್ನು ನೋಡಿದಾಗ ಕೋನ ಇಷ್ಟು, ದೋಣಿ ಎಷ್ಟು ದೂರದಲ್ಲಿದೆ? ಭಾವ ಅದನ್ನು ಹದಿನೆಂಟು ವರ್ಷ ಹೇಳಿಕೊಟ್ಟಿದ್ದರು. ಅವರು ಗೋಪುರ ಹತ್ತಿರಲಿಲ್ಲ, ಸಮುದ್ರ ನೋಡಿರಲಿಲ್ಲ. ಶ್ರೀರಂಗಪಟ್ಟಣದ ಹರಿಗೋಲು ಬಿಟ್ಟರೆ ದೋಣಿಯನ್ನೂ ಕಂಡವರಲ್ಲ. "ಕಾಣ್ದೆ ಇರೋ ದೋಣಿ ಎಷ್ಟು ದಿನ ಅಳೀಲಿ ಪುಟ್ಟಸಾಮಿ, ಮಕ್ಕಳ ಮುಂದೆ ನಾಚ್ಕೆ ಆಯ್ತದೆ" ಎಂದು ಒಮ್ಮೆ ಹೇಳಿದ್ದರು. ತೊಂಬತ್ತರ ದಶಕದ ನಡುವಿನ ಆ ಡಿಸೆಂಬರಿನಲ್ಲಿ ಕರಾವಳಿಗೆ ಪ್ರವಾಸ ಎಂದು ಹೆಡ್‌ಮಾಸ್ಟರು ಹೇಳಿದ ದಿನವೇ ಭಾವ ಕೋನಮಾಪಕವನ್ನು ಬೀರುವಿನಿಂದ ಇಳಿಸಿ ಒರೆಸಿಟ್ಟಿದ್ದರು.

ಆ ನಗರದ ಹೆಸರನ್ನೂ ಆ ಗೋಪುರದ ಹೆಸರನ್ನೂ ಬರೆಯುವುದಿಲ್ಲ. ಅಲ್ಲಿಯವರದು ತಪ್ಪಿಲ್ಲ. ಹೊಳೆ ಸಮುದ್ರ ಸೇರುವ ಜಾಗದಲ್ಲಿ ಹಳೆಯ ಕಾಲದ ಕಾವಲು ಗೋಪುರ, ಕಪ್ಪು ಕಲ್ಲಿನದು. ಒಳಗೆ ಇಕ್ಕಟ್ಟಾದ ಮೆಟ್ಟಿಲು, ಮೇಲೆ ನಿಂತು ನೋಡುವುದಕ್ಕೆ ದುಂಡನೆಯ ಕಟ್ಟೆ, ಸುತ್ತ ಎದೆಮಟ್ಟದ ಗೋಡೆ, ಗೋಡೆಯಲ್ಲಿ ಬಂದೂಕು ಇಡುತ್ತಿದ್ದ ಕಿಂಡಿಗಳು. ಭಾನುವಾರ ಬೆಳಿಗ್ಗೆ ಹತ್ತೂವರೆಯ ಸುಮಾರಿಗೆ ಅಲ್ಲಿ ಇಳಿದೆವು. ಒಂದು ಸಲಕ್ಕೆ ಇಪ್ಪತ್ತು ಜನಕ್ಕಿಂತ ಹೆಚ್ಚು ಮೇಲೆ ಬಿಡುವುದಿಲ್ಲ ಎಂದ ಕಾವಲುಗಾರ. ಹುಡುಗರು ಮೊದಲು, ಹುಡುಗಿಯರು ಆಮೇಲೆ ಎಂದು ಗುಂಪು ಮಾಡಿದೆ. ನಾನು ಬುಡದಲ್ಲೇ ನಿಂತೆ. ಹತ್ತುವವರನ್ನು ಎಣಿಸಬೇಕು, ಇಳಿಯುವವರನ್ನು ಎಣಿಸಬೇಕು. ಹಾಗಾಗಿ ನಾನು ಮೇಲೆ ಹೋಗಲಿಲ್ಲ.

ಭಾವ ಮೊದಲು ಕೆಳಗಿನಿಂದ ಗೋಪುರ ಅಳೆದರು. ಹೆಜ್ಜೆ ಹಾಕಿ ದೂರ ಎಣಿಸಿದರು. ಕೋನ ಓದಿ ಹೇಳಿದ್ದು ನಾನೇ. ಬರೆದುಕೊಂಡು, ಗಡಿಯಾರ ನೋಡಿ ವೇಳೆ ಬರೆದುಕೊಂಡು, ಹುಡುಗಿಯರ ಕೊನೆಯ ಗುಂಪಿನ ಜೊತೆ ಮೇಲೆ ಹತ್ತಿದರು. ಮೆಟ್ಟಿಲಿನ ಕತ್ತಲೆಗೆ ತಲೆ ಬಗ್ಗಿಸಿ ಒಳಗೆ ಹೋದದ್ದನ್ನು ನೋಡಿದೆ. ಒಂದು ಕೈ ಎಡ ಭುಜದ ಮೇಲಿತ್ತು. ಕೋನಮಾಪಕದ ದಾರ ಹಿಡಿದುಕೊಂಡಿದ್ದಾರೆ ಅಂದುಕೊಂಡೆ.

ಹೆಡ್‌ಮಾಸ್ಟರು ಬಸ್ಸಿನ ಹತ್ತಿರದಿಂದ ಅವಸರ ಮಾಡುತ್ತಿದ್ದರು. ಅಡುಗೆಯ ಕೆಂಪಣ್ಣ ಟೆಂಪೋದಲ್ಲಿ ಮುಂದೆ ಹೋಗಿ, ಒಂದು ಗಂಟೆ ದಾರಿ ಆಚೆಗೆ ಮರಳದಂಡೆಯ ಹತ್ತಿರ ಒಲೆ ಹೂಡಿದ್ದ. ಅನ್ನ ಆರಿಹೋಗುತ್ತದೆ, ಸಂಜೆಗೆ ಘಾಟಿ ಹತ್ತಬೇಕು ಎಂದು ಅವರ ಚಿಂತೆ. ಕೊನೆಯ ಗುಂಪು ಇಳಿದು ಓಡಿ ಬಂತು. ನಾನು ಹುಡುಗಿಯರ ಬಸ್ಸಿನ ಬಾಗಿಲಲ್ಲಿ ಕಾಲು ಅಡ್ಡ ಇಟ್ಟು ಎಣಿಸತೊಡಗಿದೆ. ಲಾಭ, ಎರಡು, ಮೂರು. ಹದಿನೇಳನೆಯ ಜೋಡಿಯಲ್ಲಿ ಭಾಗ್ಯ ಎಂಬ ಒಂಬತ್ತನೇ ತರಗತಿಯ ಹುಡುಗಿ ಇದ್ದಳು. ಹತ್ತುವ ಮುಂಚೆ ನನ್ನ ಮುಖ ನೋಡಿ "ಸಾ" ಎಂದಳು. ನಾನು ಅಂಗೈ ಎತ್ತಿದೆ. ಅವಳು ಹತ್ತಿದಳು. ಹದಿನೆಂಟು, ಹತ್ತೊಂಬತ್ತು. ಹುಡುಗರ ಬಸ್ಸಿನಲ್ಲಿ ಇಪ್ಪತ್ತನಾಲ್ಕು. ಸರಿಯಾಗಿದೆ ಎಂದು ಸೀಟಿ ಊದಿದೆ. ಹೆಡ್‌ಮಾಸ್ಟರು ತಮ್ಮ ಡೈರಿಯಲ್ಲಿ ಹೊರಟ ವೇಳೆ ಬರೆದುಕೊಂಡರು, ಹನ್ನೊಂದು ಮುಕ್ಕಾಲು.

ಮೇಷ್ಟ್ರುಗಳು ನಾವು ನಾಲ್ಕು ಜನ. ಹುಡುಗರ ಬಸ್ಸಿಗೆ ಹೆಡ್‌ಮಾಸ್ಟರು ಮತ್ತು ನಾನು, ಹುಡುಗಿಯರ ಬಸ್ಸಿಗೆ ಹಿಂದಿ ಮೇಡಂ ಮತ್ತು ಭಾವ. ಹಿಂದಿನ ದಿನ ಘಾಟಿ ಇಳಿಯುವಾಗ ಭಾವ ನಮ್ಮ ಬಸ್ಸಿಗೆ ಬಂದು ನನ್ನ ಪಕ್ಕ ಕುಳಿತಿದ್ದರು. ಇವತ್ತೂ ಹಾಗೇ ಹೋಗಿದ್ದಾರೆ ಎಂದು ಮೇಡಂ ತಿಳಿದರು. ನಾನು ಹುಡುಗರನ್ನು ಎಣಿಸುವ ಹೊತ್ತಿಗೆ ಅವರು ಇಳಿದು ಬಂದು ತಮ್ಮ ಬಸ್ಸು ಹತ್ತಿದ್ದಾರೆ ಎಂದು ನಾನು ತಿಳಿದೆ. ಒಂದು ಗಂಟೆ ಹೊತ್ತು ಮಕ್ಕಳು ಅಂತ್ಯಾಕ್ಷರಿ ಹಾಡಿದರು. ನಾನೂ ಚಪ್ಪಾಳೆ ತಟ್ಟಿದೆ.

ಮರಳದಂಡೆಯ ಪಕ್ಕದ ತೋಪಿನಲ್ಲಿ ಮಕ್ಕಳ ಪಂಕ್ತಿ ಮುಗಿಯಿತು. ಆಮೇಲೆ ಕೆಂಪಣ್ಣ ಮೇಷ್ಟ್ರುಗಳಿಗೂ ಡ್ರೈವರುಗಳಿಗೂ ಎಲೆ ಹಾಕಿ ಪಲ್ಯ ಬಡಿಸಿದ. ನಾವು ಕುಳಿತೆವು. ಅವನು ಸಾರಿನ ಬಕೆಟ್ಟು ಹಿಡಿದುಕೊಂಡು ಬಂದು ನನ್ನ ಪಕ್ಕದಲ್ಲಿ ನಿಂತ.

"ಸಾ, ಒಂದೆಲೆ ಮಿಕ್ತಲ್ಲ" ಎಂದ.

ನಾನು ನನ್ನ ಪಕ್ಕದ ಎಲೆ ನೋಡಿದೆ. ಹಿಂದಿ ಮೇಡಂ ನನ್ನನ್ನು ನೋಡಿದರು. ತಮ್ಮೇಗೌಡರು ನಿಮ್ಮ ಜೊತೆ ಬರಲಿಲ್ಲವೇ ಎಂದು ಇಬ್ಬರೂ ಒಟ್ಟಿಗೇ ಕೇಳಿದೆವು.  ಭಾಗ್ಯ ಎದ್ದು ಬಂದಳು. ಅವಳು ಹೇಳಿದ್ದು ನನಗೆ ಒಂದಕ್ಷರವೂ ಮರೆತಿಲ್ಲ.

"ಗಣಿತದ್ ಮೇಷ್ಟ್ರು ಮೇಲೇ ಅವ್ರೆ ಸಾ. ಅಲ್ಲಿ ಒಂದ್ ದೋಣಿನೂ ಇರ್ನಿಲ್ಲ. ದೋಣಿ ಬರೋಗಂಟ ಇರ್ತೀನಿ, ಬಸ್ಸು ನಿಲ್ಲುಸ್ಕೊಳಕ್ಕೇಳು ನಿಮ್ ಮೇಷ್ಟ್ರಿಗೆ ಅಂದ್ರು. ನಾನ್ ಯೋಳಕ್ ಬಂದೆ. ನೀವ್ ಕೈ ಎತ್ತುದ್ರಿ. ನಿಮ್ಗೆ ಗೊತ್ತದೆ ಅನ್ಕಂಡೆ."

  ಹುಡುಗರ ಬಸ್ಸಿನ ಡ್ರೈವರು ಕೈ ತೊಳೆಯದೆ ಎದ್ದ. ಇಬ್ಬರೇ ಖಾಲಿ ಬಸ್ಸಿನಲ್ಲಿ ಹಿಂದಕ್ಕೆ ಹೋದೆವು. ದಾರಿಯುದ್ದಕ್ಕೂ ನನಗೆ ಇದ್ದದ್ದು ಭಯವಲ್ಲ, ಸಂಕೋಚ. ಬಿಸಿಲಲ್ಲಿ ಕೂತು ಬೈಯುತ್ತಿರುತ್ತಾರೆ, ಊರಿಗೆ ಹೋಗುವ ತನಕ ಆಡಿಕೊಂಡು ನಗುತ್ತಾರೆ, ಅಕ್ಕನ ಮುಂದೆ ಇನ್ನೊಂದು ಸಲ ಹೇಳುತ್ತಾರೆ. ಆ ಮಾತಿಗೆ ನಾನೇನು ಉತ್ತರ ಕೊಡಬೇಕು ಎಂದು ಯೋಚಿಸುತ್ತಾ ಕುಳಿತಿದ್ದೆ.

ಗೋಪುರದ ಕಬ್ಬಿಣದ ಬಾಗಿಲಿಗೆ ಬೀಗ ಹಾಕಿತ್ತು. ಸುತ್ತ ಯಾರೂ ಇರಲಿಲ್ಲ. ಕಾವಲುಗಾರ ಊಟಕ್ಕೆ ಹೋಗಿದ್ದಾನೆ ಎಂದು ಎಳನೀರಿನವನು ಹೇಳಿದ. ಹಾಗಾದರೆ ಭಾವ ಕೆಳಗೆ ಬಂದು ಎಲ್ಲೋ ಹೋಟೆಲಿಗೆ ಹೋಗಿದ್ದಾರೆ ಎಂದು ಸಮಾಧಾನವಾಯಿತು. ಡ್ರೈವರು ಹೋಟೆಲು ನೋಡಿಕೊಂಡು ಬಂದ. ಇಲ್ಲ. ಎಳನೀರಿನವನು ಮರದ ದೊಡ್ಡ ಪಟ್ಟಿ ಹಿಡಿದುಕೊಂಡವರು ಯಾರೂ ಹೊರಗೆ ಬಂದದ್ದನ್ನು ಕಂಡಿರಲಿಲ್ಲ. ಕಾವಲುಗಾರನನ್ನು ಅವನ ಮನೆಯಿಂದ ಕರೆಸಿದೆವು. ಬಾಯಿ ಒರೆಸಿಕೊಳ್ಳುತ್ತಾ ಬಂದವನು ನಾನು ಹೇಳಿದ್ದನ್ನು ಕೇಳಿ ನಿಂತುಬಿಟ್ಟ.

"ನಾನು ಒಂದು ಗಂಟೆಗೆ ಬೀಗ ಹಾಕುವ ಮೊದಲು ಮೆಟ್ಟಿಲ ಕೆಳಗೆ ನಿಂತು ಎರಡು ಸಲ ಕರೆದಿದ್ದೇನೆ ಮಾರಾಯ್ರೇ. ಯಾರೂ ಓ ಎನ್ನಲಿಲ್ಲ" ಎಂದ.

ಬೀಗದ ಕೈ ಮುಂದೆ ಹಿಡಿದ. ಡ್ರೈವರು ತೆಗೆದ.

ಮೇಲೆ ಹೋದಾಗ ಮೊದಲು ನನಗೆ ಕಂಡದ್ದು ಸಮುದ್ರ. ನಾನೂ ಅಷ್ಟು ಎತ್ತರದಿಂದ ನೋಡಿದ್ದು ಅದೇ ಮೊದಲು. ಹೊಳೆ, ಅದರಾಚೆ ಒಂದು ಮರಳ ದಿಣ್ಣೆ, ದಿಣ್ಣೆಯಾಚೆ ಸಮುದ್ರ. ಆಮೇಲೆ ಭಾವ ಕಂಡರು. ಒಂದು ಕಿಂಡಿಯ ಪಕ್ಕ ಗೋಡೆಗೆ ಒರಗಿ, ಕಾಲು ಚಾಚಿ ಕುಳಿತಿದ್ದರು. ತೊಡೆಯ ಮೇಲೆ ಕೋನಮಾಪಕ. ತಲೆ ಎದೆಯ ಮೇಲಿತ್ತು. ಮಧ್ಯಾಹ್ನ ಶಾಲೆಯಲ್ಲಿ ಬಿಡುವಿನ ವೇಳೆ ಅವರು ಹಾಗೆಯೇ ತೂಕಡಿಸುತ್ತಿದ್ದರು.

"ಏಳಿ ಭಾವ, ಎಲ್ರೂ ಕಾಯ್ತಾವ್ರೆ" ಎಂದೆ.

ಕೈ ಮುಟ್ಟಿದೆ. ಬಿಸಿಲಿಗೆ ಗೋಡೆಯ ಕಲ್ಲು ಕಾದಿತ್ತು. ಕೈ ಕಾದಿರಲಿಲ್ಲ. ಮಣಿಕಟ್ಟಿನಲ್ಲಿ ಗಡಿಯಾರ ಓಡುತ್ತಿತ್ತು.

ಅಲ್ಲಿಂದ ಮುಂದಿನದು ನನಗೆ ತುಂಡು ತುಂಡಾಗಿ ಮಾತ್ರ ನೆನಪಿದೆ. ಆ ಇಕ್ಕಟ್ಟಿನ ಮೆಟ್ಟಿಲಲ್ಲಿ ಅವರನ್ನು ಇಳಿಸಿದ್ದು. ಪೊಲೀಸಿನವರು ಕೋನಮಾಪಕ ನೋಡಿ ಇದೇನು ಎಂದು ಕೇಳಿದ್ದು, ನಾನು ಶಾಲೆಯ ಸಾಮಾನು ಎಂದದ್ದು. ಆಸ್ಪತ್ರೆಯಲ್ಲಿ ವೈದ್ಯರು ಎದೆಯ ತೊಂದರೆ ಎಂದರು. ಎಷ್ಟು ಹೊತ್ತಿಗೆ ಎಂದು ಕೇಳಿದೆ. ಖಚಿತವಾಗಿ ಹೇಳಲು ಆಗುವುದಿಲ್ಲ ಎಂದರು. ನಾವು ಹೊರಟಾಗ ಇದ್ದರೇ ಎಂದು ಕೇಳಿದೆ. ಅದನ್ನೂ ಹೇಳಲು ಆಗುವುದಿಲ್ಲ ಎಂದರು. ಇದ್ದಿದ್ದರೆ, ಬಸ್ಸು ಅಲ್ಲೇ ನಿಂತಿದ್ದರೆ, ಯಾರಾದರೂ ಹತ್ತಿ ನೋಡಿದ್ದರೆ ಎಂದು ನಾನು ಮುಂದಕ್ಕೆ ಕೇಳಲಿಲ್ಲ. ಅವರು ಇನ್ನೊಬ್ಬ ರೋಗಿಯ ಹತ್ತಿರ ಹೋದರು.

ಮಕ್ಕಳನ್ನು ಹೆಡ್‌ಮಾಸ್ಟರು ಊರಿಗೆ ಕರೆದುಕೊಂಡು ಹೋದರು. ನಾನು ಸೋಮವಾರ ಮಧ್ಯಾಹ್ನ ಭಾವನನ್ನು ವ್ಯಾನಿನಲ್ಲಿ ಬಿಂಡಿಗನವಿಲೆಗೆ ತಂದೆ. ಅಕ್ಕ ಬಾಗಿಲಲ್ಲಿ ಕುಳಿತಿದ್ದಳು. ಅಳುತ್ತಿದ್ದವರು ಬೇರೆಯವರು. ಅವಳು ನನ್ನನ್ನು ಹತ್ತಿರ ಕರೆದಳು. ಮುಖ ನೋಡಿ ಮೆಲ್ಲಗೆ ಕೇಳಿದಳು.

"ಎಲ್ಲಾರ್ನೂ ಎಣಿಸ್ಕಂಡ್ ಬಂದ್ಯಂತಲ್ಲಪ್ಪ. ನಿಮ್ ಭಾವುನ್ನ ಎಣಿಸ್ನಿಲ್ವಾ?"

ಮೂಲೆಯಲ್ಲಿ ಕುಳಿತಿದ್ದ ಭಾವನ ತಂದೆ, ಅಷ್ಟು ವಯಸ್ಸಾದವರು, "ಕುರಿ ಎಣಿಸೋನು ಕಾಯೋನ ಎಣಿಸಲ್ಲ ಕಣವ್ವ" ಎಂದರು. ನನ್ನನ್ನು ಕಾಪಾಡಲು ಹೇಳಿದ್ದು.  ನನಗೆ ಕಲಿಸಿದ ಎಣಿಕೆಯಲ್ಲಿ ಭಾವ ಇರಲೇ ಇಲ್ಲ. ಇಷ್ಟು ವರ್ಷ ಯಾವ ಪ್ರವಾಸದಲ್ಲೂ ಇರಲಿಲ್ಲ.

ಆಮೇಲೆ ಕೆಲಸಕ್ಕೆ ಹೋದೆ. ಹೆಡ್‌ಮಾಸ್ಟರು ಕೆಟ್ಟವರಲ್ಲ, ಹೆದರಿದ್ದರು. ಮೇಲಿನವರಿಗೆ ಕಳಿಸುವ ವರದಿಯಲ್ಲಿ 'ಸದರಿ ಶಿಕ್ಷಕರು ಸ್ವಂತ ಇಚ್ಛೆಯಿಂದ ಗೋಪುರದ ಮೇಲೆ ಉಳಿದುಕೊಂಡರು' ಎಂದು ಬರೆಸಿ ನನ್ನ ಮುಂದೆ ಇಟ್ಟರು. ಸುಳ್ಳು ಅನ್ನುವ ಹಾಗಿರಲಿಲ್ಲ. ಬಸ್ಸು ನಿಲ್ಲಿಸಿಕೊಳ್ಳಲು ಅವರು ಹೇಳಿ ಕಳಿಸಿದ್ದರು ಎಂಬುದು ಅದರಲ್ಲಿ ಇರಲಿಲ್ಲ. ಅದನ್ನು ಸೇರಿಸಿದರೆ ಭಾಗ್ಯಳನ್ನು ಕರೆಸಿ ಕೇಳುತ್ತಾರೆ ಎಂದರು. ಸಹಿ ಹಾಕಿದೆ. ಈ ಕೆಲಸಕ್ಕೆ ಹೊಸದಾಗಿ ಬಂದ ನೀವು ಆ ಸಹಿಯನ್ನೂ ತಿಳಿದುಕೊಳ್ಳಿ ಎಂದು ಬರೆಯುತ್ತಿದ್ದೇನೆ.

ಭಾಗ್ಯ ಶಾಲೆಯಲ್ಲಿ ಇದ್ದಷ್ಟು ದಿನ ನನ್ನ ಎದುರು ಬಂದರೆ ಪಕ್ಕಕ್ಕೆ ಸರಿಯುತ್ತಿದ್ದಳು. ತಪ್ಪು ತನ್ನದು ಎಂದು ಮನೆಯಲ್ಲಿ ಅಳುತ್ತಾಳೆ ಎಂದು ಅವಳ ತಾಯಿ ಹೇಳಿದರು. ಕೂರಿಸಿಕೊಂಡು ಮಾತಾಡಿದೆ. ನಿನ್ನದಲ್ಲ, ಕೈ ಎತ್ತಿದವನು ನಾನು ಎಂದೆ. ತಲೆ ಆಡಿಸಿದಳು. ಅವಳಿಗೆ ನಂಬಿಕೆ ಬಂತೋ ಇಲ್ಲವೋ, ನನಗೆ ತಿಳಿಯಲಿಲ್ಲ.

ಮುಂದಿನ ವರ್ಷ ಯಾರೂ ಪ್ರವಾಸದ ಮಾತು ಎತ್ತಲಿಲ್ಲ. ಅದರ ಮುಂದಿನ ವರ್ಷ ಹೊಸ ಹೆಡ್‌ಮಾಸ್ಟರು ಬಂದು ಹತ್ತಿರದಲ್ಲೇ ಒಂದು ದಿನ ಹೋಗಿಬರೋಣ ಎಂದರು. ನಾನು ಕ್ರಮ ಬದಲಾಯಿಸಿದ್ದೆ. ಜೋಡಿ ಎಣಿಕೆ ಬಿಟ್ಟೆ. ಎಲ್ಲರ ಹೆಸರಿನ ಪಟ್ಟಿ ಮಾಡಿದೆ. ಮೊದಲ ಹೆಸರು ಹೆಡ್‌ಮಾಸ್ಟರದು, ಆಮೇಲೆ ಉಳಿದ ಮೇಷ್ಟ್ರುಗಳು, ಅಡುಗೆಯವನು, ಡ್ರೈವರು, ನಾನು, ಕೊನೆಗೆ ಮಕ್ಕಳು. ಹೆಸರು ಕರೆದರೆ ಎಲ್ಲರೂ ಓ ಅನ್ನಬೇಕು. ಹೆಡ್‌ಮಾಸ್ಟರಿಗೆ ಇದು ಅವಮಾನ ಅನ್ನಿಸಿತು. ನಾನೇನು ಎಳೆ ಮಗುವೇನ್ರೀ ಎಂದರು. ನಾನು ಪಟ್ಟಿ ಹಿಡಿದುಕೊಂಡು ಅವರು ಓ ಅನ್ನುವ ತನಕ ನಿಂತೆ. ಡ್ರೈವರು ಹಾರನ್ನು ಹೊಡೆದ. ಕೊನೆಗೆ ಅಂದರು. ಲಾಭ ಅನ್ನುವುದನ್ನು ನಾನು ಮತ್ತೆ ಬಾಯಲ್ಲಿ ತರಲಿಲ್ಲ. ಈಗ ನಿಮ್ಮ ಕೈಯಲ್ಲಿ ಮೊಬೈಲು ಇದೆ, ಯಾರು ಎಲ್ಲಿದ್ದಾರೆ ಎಂದು ಕೇಳಬಹುದು. ಆದರೂ ಹೆಸರು ಕರೆಯಿರಿ. ಎಣಿಸುವಾಗ ಯಾವ ಮಗುವಾದರೂ "ಸಾ" ಎಂದರೆ ನಿಲ್ಲಿ. ಎಣಿಕೆ ತಪ್ಪಿದರೆ ಮೊದಲಿನಿಂದ ಎಣಿಸಬಹುದು.

ಅಕ್ಕ ನನ್ನನ್ನು ಬಿಟ್ಟುಹಾಕಲಿಲ್ಲ. ಹಬ್ಬಕ್ಕೆ ಕರೆದಳು, ನನ್ನ ಮಕ್ಕಳ ಮದುವೆಯಲ್ಲಿ ಓಡಾಡಿದಳು. ಆ ಪ್ರಶ್ನೆಯನ್ನು ಎರಡನೆಯ ಸಲ ಕೇಳಲಿಲ್ಲ. ನಾನೇ ಒಮ್ಮೆ ಬಾಯಿಬಿಟ್ಟೆ. ಪೊಲೀಸಿನವರು ಭಾವನ ಗಡಿಯಾರ ಮತ್ತು ಜೇಬಿನ ನೋಟ್‌ಬುಕ್ಕನ್ನು ತನಿಖೆ ಮುಗಿದ ಮೇಲೆ ಅವಳನ್ನು ಠಾಣೆಗೆ ಕರೆಸಿ ಅವಳ ಕೈಗೇ ಕೊಟ್ಟಿದ್ದರು. ನನ್ನ ಕಣ್ಣೆದುರಿಗೇ ಸೆರಗಿನಲ್ಲಿ ಕಟ್ಟಿಕೊಂಡಿದ್ದಳು. ಭಾವ ಏನು ಅಳೆದರೂ ವೇಳೆ ಬರೆಯುವವರು. ಮೇಲೆ ನಿಂತು ದೋಣಿ ಅಳೆದಿದ್ದರೆ ಅದರ ವೇಳೆ ಅದರಲ್ಲಿ ಇರಬೇಕು. ನಾವು ಹೊರಟದ್ದು ಹನ್ನೊಂದು ಮುಕ್ಕಾಲಿಗೆ. ಅದಕ್ಕಿಂತ ಮುಂಚಿನದೋ, ಆಮೇಲಿನದೋ, ಅಷ್ಟು ತಿಳಿದರೆ ಸಾಕು. ನೋಟ್‌ಬುಕ್ಕು ಒಂದು ಸಲ ಕೊಡಕ್ಕ, ನೋಡಿ ಕೊಡುತ್ತೇನೆ ಎಂದೆ.

"ಅದ್ರಲ್ಲಿ ಏನೂ ಇಲ್ಲ ಬುಡಪ್ಪ" ಎಂದಳು.

ಅವಳು ನಾಲ್ಕನೇ ತರಗತಿ ಓದಿದವಳು. ಅಂಕಿ ಓದಲು ಬರುತ್ತಿತ್ತು. ಅದರಲ್ಲಿ ಇದೆ, ನನಗೆ ತೋರಿಸುತ್ತಿಲ್ಲ, ಅದು ನನಗೆ ಅವಳು ಕೊಟ್ಟ ಶಿಕ್ಷೆ ಎಂದು ತಿಳಿದೆ. ಮತ್ತೆ ಕೇಳಲಿಲ್ಲ. ಇಷ್ಟು ವರ್ಷ ಹಾಗೆಯೇ ತಿಳಿದುಕೊಂಡಿದ್ದೆ.

ಹೋದ ವರ್ಷ ಅಕ್ಕ ತೀರಿಕೊಂಡಳು. ಹದಿನೈದು ದಿನ ಕಳೆದ ಮೇಲೆ ಅವಳ ಮಗ ಕಬ್ಬಿಣದ ಪೆಟ್ಟಿಗೆ ತೆರೆದು, ಭಾವನ ಟವಲ್ಲಿನಲ್ಲಿ ಸುತ್ತಿದ್ದ ನೋಟ್‌ಬುಕ್ಕನ್ನು ನನ್ನ ಕೈಗೆ ಕೊಟ್ಟ. ಮಾವಂಗೆ ಕೊಡು ಎಂದು ಹೇಳಿದ್ದಳಂತೆ. ಮನೆಗೆ ತಂದು ನಾಲ್ಕು ದಿನ ಬಿಚ್ಚಲಿಲ್ಲ. ಐದನೆಯ ದಿನ ಬೆಳಿಗ್ಗೆ ಜಗಲಿಯ ಮೇಲೆ ಕುಳಿತು ಬಿಚ್ಚಿದೆ. ಬೇವಿನ ಮರ ಇತ್ತು, ಕೋನ, ವೇಳೆ. ಪಾಂಡವಪುರದ ಹೊಗೆಕೊಳವೆ ಇತ್ತು, ಹೊಸಹೊಳಲಿನ ಕಂಬ ಇತ್ತು. ಎಲ್ಲದಕ್ಕೂ ವೇಳೆ ಇತ್ತು. ಕೊನೆಯಲ್ಲಿ ಬರೆದಿದ್ದ ಪುಟದ ಮೂಲೆ ಮಾತ್ರ ಬೆರಳು ತಾಗಿ ತಾಗಿ ಕಪ್ಪಾಗಿತ್ತು. ಅಕ್ಕ ಅದನ್ನು ಎಷ್ಟು ಸಲ ತೆರೆದು ನೋಡಿದ್ದಳೋ.

ಆ ಪುಟದಲ್ಲಿ ಎರಡು ಸಾಲು ಇದೆ. ಮೊದಲನೆಯದು: ಕೆಳಗಿನಿಂದ ಗೋಪುರ, ಕೋನ 41, ಹೆಜ್ಜೆ 18, ವೇಳೆ 11-10. ಎರಡನೆಯದು: ಮೇಲಿನಿಂದ ದೋಣಿ, ಕೋನ 4, ವೇಳೆ.

ದೋಣಿ ಬಂದಿದೆ, ಭಾವ ಅದನ್ನು ನೋಡಿದ್ದಾರೆ. ದಾರ ಓದಿ ಹೇಳುವುದಕ್ಕೆ ಪಕ್ಕದಲ್ಲಿ ಯಾರೂ ಇಲ್ಲದೆ ತಾವೇ ಓದಿಕೊಂಡು ಬರೆದಿದ್ದಾರೆ. ವೇಳೆ ಎಂದು ಬರೆದ ಮುಂದೆ ಏನೂ ಇಲ್ಲ.